ಲಾಕ್ ಫೈಲ್ ಯಾರ ಯಂತ್ರದ ಸಾಕ್ಷಿ?

ಬೆಂಗಳೂರಿನ ಬಹುತೇಕ ತಂತ್ರಾಂಶ ತಂಡಗಳಲ್ಲಿ ಮೂರು ಬಗೆಯ ಯಂತ್ರಗಳು ಒಟ್ಟಿಗೆ ಬದುಕುತ್ತವೆ: ಕಂಪನಿ ಕೊಟ್ಟ ಮ್ಯಾಕ್‌ಬುಕ್, ಕಾಲೇಜಿನಿಂದ ಈಗಷ್ಟೇ ಬಂದ ಇಂಟರ್ನ್ ಮನೆಯಿಂದ ಹೊತ್ತು ತಂದ ವಿಂಡೋಸ್ ಲ್ಯಾಪ್‌ಟಾಪ್, ಮತ್ತು ಕಣ್ಣಿಗೆ ಬೀಳದಿದ್ದರೂ ಕೊನೆಗೆ ಎಲ್ಲ ಕೆಲಸವೂ ಹೋಗಿ ಓಡಬೇಕಾದ ಲಿನಕ್ಸ್ ಸರ್ವರ್. ನಾನು ಸೇರಿಕೊಂಡಿರುವ ಪುಟ್ಟ ಗುಂಪೊಂದರ ಸ್ಥಿತಿಯೂ ಇದೇ. ವಾರಾಂತ್ಯಗಳಲ್ಲಿ ಕೂತು ಕರ್ನಾಟಕದ ಜಿಲ್ಲಾವಾರು ಮಳೆ ಮತ್ತು ಬೆಳೆಹಾನಿಯ ಅಂಕಿಅಂಶಗಳನ್ನು ಪೈಥಾನಿನಲ್ಲಿ ವಿಶ್ಲೇಷಿಸುವ ಈ ಗುಂಪಿನಲ್ಲಿ, ಮೊದಲ ಎರಡು ಭಾನುವಾರಗಳು ಮಳೆಯ ಲೆಕ್ಕದಲ್ಲಲ್ಲ, ಒಬ್ಬರ ಯಂತ್ರದಲ್ಲಿ ಓಡಿದ್ದನ್ನು ಇನ್ನೊಬ್ಬರ ಯಂತ್ರದಲ್ಲಿ ಓಡಿಸುವುದರಲ್ಲಿಯೇ ಕಳೆದುಹೋದವು. ವಿಂಡೋಸ್ ಬಳಸುವ ಗೆಳತಿ ಪೈಥಾನಿನ ಪ್ಯಾಕೇಜ್‌ಗಳನ್ನು (ಬೇರೆಯವರು ಬರೆದು ಹಂಚಿದ ಸಿದ್ಧ ಸಂಕೇತದ ಕಟ್ಟುಗಳನ್ನು) ಇಳಿಸಿಕೊಡುವ ಪಿಪ್ ಪರಿಕರದ 'ಪಿಪ್ ಫ್ರೀಜ್' ಆದೇಶದಿಂದ ತೆಗೆದು ಕಳುಹಿಸಿದ ಪ್ಯಾಕೇಜ್ ಪಟ್ಟಿಯಲ್ಲಿ 'ಪೈವಿನ್32' ಇತ್ತು. ಅದು ವಿಂಡೋಸಿಗೆ ಮಾತ್ರ ಇರುವ ಪ್ಯಾಕೇಜ್ ಆದ್ದರಿಂದ ಲಿನಕ್ಸಿನಲ್ಲಿ ಅನುಸ್ಥಾಪನೆ ಆ ಸಾಲಿನಲ್ಲೇ ನಿಂತಿತು. ಮ್ಯಾಕ್ ಬಳಸುವವರ ಪಟ್ಟಿಯಲ್ಲಿ 'ಆಪ್‌ನೋಪ್' ಎಂಬ, ಮ್ಯಾಕಿಗೆ ಮಾತ್ರ ಅರ್ಥವಿರುವ ಇನ್ನೊಂದು ಪ್ಯಾಕೇಜ್ ಇತ್ತು. ನಾವ್ಯಾರೂ ಇವೆರಡನ್ನೂ ಕೇಳಿ ಹಾಕಿಕೊಂಡವರಲ್ಲ. ಸಂಕೇತ, ಫಲಿತಾಂಶ, ಟಿಪ್ಪಣಿಗಳನ್ನು ಒಂದೇ ಪುಟದಲ್ಲಿ ಇಡುವ ಜ್ಯೂಪಿಟರ್ ನೋಟ್‌ಬುಕ್ ಹಾಕಿಕೊಂಡಾಗ ಆಯಾ ಆಪರೇಟಿಂಗ್ ಸಿಸ್ಟಮಿಗೆ ತಕ್ಕಂತೆ ಅವು ಹಿಂಬಾಗಿಲಿನಿಂದ ಬಂದು ಕೂತಿದ್ದವು.

ಇದು ನಮ್ಮ ಗುಂಪಿನ ಅಜಾಗರೂಕತೆ ಮಾತ್ರ ಎಂದುಕೊಳ್ಳುವಂತಿಲ್ಲ. ಸಾರ್ವಜನಿಕವಾಗಿ ಲಭ್ಯವಿರುವ ಸುಮಾರು 14 ಲಕ್ಷ ಜ್ಯೂಪಿಟರ್ ನೋಟ್‌ಬುಕ್‌ಗಳನ್ನು ಸಂಗ್ರಹಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮರಳಿ ಓಡಿಸಲು ಯತ್ನಿಸಿದ ನೋಟ್‌ಬುಕ್‌ಗಳ ಪೈಕಿ ದೋಷವಿಲ್ಲದೆ ಕೊನೆಯವರೆಗೆ ಓಡಿದ್ದು ಸುಮಾರು 24%. ಮೂಲದಲ್ಲಿದ್ದ ಫಲಿತಾಂಶವನ್ನೇ ಕೊಟ್ಟಿದ್ದು ಸುಮಾರು 4% ಮಾತ್ರ. ಓಡುವುದು ಬೇರೆ, ಅದೇ ಉತ್ತರ ಕೊಡುವುದು ಬೇರೆ ಎಂಬುದನ್ನು ಈ ಎರಡು ಅಂಕಿಗಳ ನಡುವಿನ ಅಂತರವೇ ತೋರಿಸುತ್ತದೆ. ಪ್ಯಾಕೇಜ್ ಪರಿಸರವನ್ನು, ಅಂದರೆ ಪ್ರೋಗ್ರಾಮಿಗೆ ಬೇಕಾದ ಪ್ಯಾಕೇಜ್‌ಗಳ ಇಡೀ ಜೋಡಣೆಯನ್ನು, ಇನ್ನೊಂದು ಯಂತ್ರದಲ್ಲಿ ಮರುಸೃಷ್ಟಿಸುವ ಚರ್ಚೆ ಸಾಮಾನ್ಯವಾಗಿ ಮೊದಲನೆಯದರಲ್ಲಿಯೇ ಮುಗಿದುಬಿಡುತ್ತದೆ.

ಮೊದಲನೆಯದಕ್ಕೆ ಈಗ ಚಾಲ್ತಿಯಲ್ಲಿರುವ ಮುಖ್ಯ ಉಪಾಯ ಲಾಕ್ ಫೈಲ್. ನಮ್ಮ ಪ್ರೋಗ್ರಾಮಿಗೆ ನೇರವಾಗಿ ಬೇಕಾದ ನಾಲ್ಕೈದು ಪ್ಯಾಕೇಜ್‌ಗಳ ಹೆಸರನ್ನು ನಾವು ಬರೆಯುತ್ತೇವೆ; ಅವುಗಳಿಗೆ ಬೇಕಾದ, ಮತ್ತೆ ಅವುಗಳಿಗೆ ಬೇಕಾದ ಪ್ಯಾಕೇಜ್‌ಗಳ ಸರಪಳಿಯನ್ನು ಪ್ಯಾಕೇಜ್ ಮ್ಯಾನೇಜರ್ ಬಿಡಿಸಿ, ಪ್ರತಿಯೊಂದರ ನಿಖರ ಆವೃತ್ತಿಯನ್ನೂ, ಇಳಿಸಿಕೊಂಡ ಫೈಲಿನ ಹ್ಯಾಶ್ (ಫೈಲಿನ ಒಳಗಿನದ್ದರಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಗುರುತು) ಅನ್ನೂ ಒಂದು ಕಡತದಲ್ಲಿ ದಾಖಲಿಸುತ್ತದೆ. ಆರು ತಿಂಗಳ ನಂತರ ಬಂದವರು ಆ ಕಡತದಿಂದ ಅದೇ ಪರಿಸರವನ್ನು ಕಟ್ಟಿಕೊಳ್ಳಬಹುದು ಎಂಬುದು ಭರವಸೆ. ಆದರೆ ಈ ಕಡತ ಏನನ್ನು ದಾಖಲಿಸುತ್ತಿದೆ ಎಂಬುದರಲ್ಲಿ ಒಂದು ಸೂಕ್ಷ್ಮವಿದೆ. ಒಂದು ಯಂತ್ರದಲ್ಲಿ ಏನೇನು ಸ್ಥಾಪಿತವಾಗಿದೆ ಎಂದು ನೋಡಿ ಬರೆದುಕೊಂಡರೆ ಅದು ಆ ಒಂದು ಯಂತ್ರದ ಸಾಕ್ಷಿ ಹೇಳಿಕೆ ಮಾತ್ರ. ಎಲ್ಲ ಯಂತ್ರಗಳಿಗೂ ಒಪ್ಪುವ ಕರಾರು ಬೇಕಾದರೆ, ಯಾವ ಯಾವ ಆಪರೇಟಿಂಗ್ ಸಿಸ್ಟಮಿನಲ್ಲಿ ಯಾವ ಯಾವ ಪ್ಯಾಕೇಜ್ ಬೇಕು ಎಂಬುದನ್ನು ಎಲ್ಲ ಸಾಧ್ಯತೆಗಳಿಗೂ ಮೊದಲೇ ಬಿಡಿಸಿ ಬರೆಯಬೇಕಾಗುತ್ತದೆ. ಪಿಪ್ ಫ್ರೀಜ್ ಕೊಡುವುದು ಸಾಕ್ಷಿಯನ್ನು. ನಾವು ಅದನ್ನು ಕರಾರು ಎಂದು ತಿಳಿದು ಹಂಚಿಕೊಳ್ಳುತ್ತಿದ್ದೆವು.

ಕಾಂಡಾ ಎಂಬ ಇನ್ನೊಂದು ಪ್ಯಾಕೇಜ್ ಮ್ಯಾನೇಜರ್ ಬಳಸುವವರಿಗೂ ಇದೇ ಅನುಭವ. ಅದರ ಪರಿಸರವನ್ನು ಸುಮ್ಮನೆ ರಫ್ತು ಮಾಡಿದರೆ ಪ್ರತಿ ಪ್ಯಾಕೇಜಿನ ಜೊತೆಗೆ ಆ ಯಂತ್ರಕ್ಕೆಂದೇ ತಯಾರಾದ ಬಿಲ್ಡ್ ಗುರುತೂ ಬರುತ್ತದೆ, ಬೇರೆ ಸಿಸ್ಟಮಿನಲ್ಲಿ ಆ ಗುರುತಿನ ಫೈಲೇ ಇರುವುದಿಲ್ಲ. ಜಾವಾಸ್ಕ್ರಿಪ್ಟ್ ಲೋಕದ ಉದಾಹರಣೆ ಇನ್ನೂ ವಿಚಿತ್ರವಾಗಿದೆ. ರೋಲಪ್ ಎಂಬ ಪರಿಕರ ತನ್ನ ಯಂತ್ರಸಂಕೇತದ ಭಾಗವನ್ನು ಪ್ರತಿ ಆಪರೇಟಿಂಗ್ ಸಿಸ್ಟಮಿಗೊಂದರಂತೆ ಐಚ್ಛಿಕ ಪ್ಯಾಕೇಜ್‌ಗಳಾಗಿ ಹಂಚುತ್ತದೆ. ಜಾವಾಸ್ಕ್ರಿಪ್ಟಿನ ಪ್ಯಾಕೇಜ್ ಮ್ಯಾನೇಜರ್ ಎನ್‌ಪಿಎಂನಲ್ಲಿದ್ದ ಒಂದು ದೋಷದಿಂದಾಗಿ, ಕೆಲವು ಸಂದರ್ಭಗಳಲ್ಲಿ ಮ್ಯಾಕಿನಲ್ಲಿ ಹುಟ್ಟಿದ ಲಾಕ್ ಫೈಲಿನಲ್ಲಿ ಮ್ಯಾಕಿನ ತುಂಡು ಮಾತ್ರ ಉಳಿದು ಲಿನಕ್ಸಿನದು ಬಿಟ್ಟುಹೋಗುತ್ತಿತ್ತು. ಸರ್ವರಿನಲ್ಲಿ ಪ್ರೋಗ್ರಾಮ್ ಕಟ್ಟುವ ಕೆಲಸ (ಬಿಲ್ಡ್) ವಿಫಲವಾಗುತ್ತಿತ್ತು. ಆಗ ಪರದೆಯ ಮೇಲೆ ಬರುತ್ತಿದ್ದ ಸಂದೇಶವೇ ಲಾಕ್ ಫೈಲನ್ನು ಅಳಿಸಿ ಮತ್ತೆ ಅನುಸ್ಥಾಪಿಸಿ ನೋಡಿ ಎಂದು ಸಲಹೆ ಕೊಡುತ್ತಿತ್ತು. ಬೀಗ ತೆರೆಯುತ್ತಿಲ್ಲವೆಂದರೆ ಬಾಗಿಲನ್ನೇ ಕಿತ್ತುಹಾಕಿ ಎಂದಂತೆ.

ರೂಬಿ ಭಾಷೆಯ ಪ್ಯಾಕೇಜ್ ಮ್ಯಾನೇಜರ್ ಬಂಡ್ಲರ್ ಈ ತೊಡಕನ್ನು ತನ್ನ ಲಾಕ್ ಫೈಲಿನಲ್ಲಿಯೇ ಬಹಿರಂಗವಾಗಿ ಒಪ್ಪಿಕೊಂಡಿದೆ: ಅದರಲ್ಲಿ ವೇದಿಕೆಗಳ (ಆಪರೇಟಿಂಗ್ ಸಿಸ್ಟಮ್ ಮತ್ತು ಚಿಪ್‌ಗಳ) ಪಟ್ಟಿಗೆಂದೇ ಒಂದು ಭಾಗವಿದ್ದು, ಮ್ಯಾಕಿನಲ್ಲಿ ಕೂತವರು ಲಿನಕ್ಸನ್ನೂ ಸೇರಿಸು ಎಂದು ಆದೇಶ ಕೊಡಬಹುದು. ರಸ್ಟ್ ಭಾಷೆಯ ಕಾರ್ಗೋ ಮೊದಲಿನಿಂದಲೂ ಎಲ್ಲ ವೇದಿಕೆಗಳ ಅವಲಂಬನೆಗಳನ್ನೂ ಒಂದೇ ಕಡತದಲ್ಲಿ ಬರೆಯುತ್ತದೆ. ಪೈಥಾನಿನಲ್ಲಿ ಪೊಯೆಟ್ರಿ ಎಂಬ ಪರಿಕರ ಈ ದಾರಿಯಲ್ಲಿ ಮೊದಲು ನಡೆಯಿತು. 2023ರಲ್ಲಿ ಬಂದ ಪಿಕ್ಸಿ ಕಾಂಡಾ ಪ್ಯಾಕೇಜ್‌ಗಳಿಗೂ ಇಂಥ ಕಡತವನ್ನು ಬರೆಯುತ್ತದೆ. 2024ರ ಫೆಬ್ರವರಿಯಲ್ಲಿ ಮೊದಲು ಹೊರಬಂದ ಯುವಿ, ಅದೇ ವರ್ಷದೊಳಗೆ ಎಲ್ಲ ವೇದಿಕೆಗಳಿಗೂ ಒಟ್ಟಾಗಿ ಬಿಡಿಸಿದ ಲಾಕ್ ಫೈಲನ್ನು ಕೊಡತೊಡಗಿತು. ಒಂದೊಂದು ಪರಿಕರವೂ ತನ್ನದೇ ಮಾದರಿಯ ಕಡತ ಬರೆಯುತ್ತಿದ್ದುದರಿಂದ, ಎಲ್ಲರಿಗೂ ಸಾಮಾನ್ಯವಾದ ಒಂದು ಲಾಕ್ ಫೈಲ್ ಮಾದರಿಯನ್ನು ಪೈಥಾನ್ ಸಮುದಾಯ 2025ರ ಮಾರ್ಚ್ ಕೊನೆಯಲ್ಲಿ ಅಂಗೀಕರಿಸಿತು. ಇದಕ್ಕೂ ಮೊದಲು ಬಂದಿದ್ದ ಇಂಥದ್ದೇ ಪ್ರಸ್ತಾವವೊಂದು 2022ರಲ್ಲಿ ತಿರಸ್ಕೃತವಾಗಿತ್ತು ಎಂಬುದನ್ನು ನೆನೆದರೆ ಇದು ಎಷ್ಟು ಜಿಗುಟಾದ ವಿಷಯ ಎಂಬುದು ತಿಳಿಯುತ್ತದೆ. ಮಾದರಿ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ: ಅದರ ಬೆನ್ನಿಗೇ ಪಿಪ್‌ನ 25.1ನೇ ಆವೃತ್ತಿಯಲ್ಲಿ ಪ್ರಾಯೋಗಿಕವಾಗಿ ಬಂದ ಲಾಕ್ ಆದೇಶ, ಅದನ್ನು ಓಡಿಸಿದ ಯಂತ್ರ ಮತ್ತು ಪೈಥಾನ್ ಆವೃತ್ತಿಗಷ್ಟೇ ಸಲ್ಲುವ ಕಡತವನ್ನು ಬರೆಯುತ್ತದೆ. ಅಂದರೆ ಕರಾರಿನ ನಮೂನೆ ಸಿಕ್ಕಿದೆ, ಅದರಲ್ಲಿ ಬರೆಯುತ್ತಿರುವುದು ಇನ್ನೂ ಸಾಕ್ಷಿಯನ್ನೇ.

ಎಲ್ಲ ವೇದಿಕೆಗಳಿಗೂ ಸಲ್ಲುವ ಲಾಕ್ ಫೈಲ್ ಕೈಗೆ ಬಂದ ಮೇಲೂ ಅದರ ಕೆಳಗೊಂದು ನೆಲವಿದೆ. ಪೈಥಾನಿನ ಪ್ಯಾಕೇಜ್‌ಗಳಲ್ಲಿ ಹಲವು ಸಿ, ಸಿ++, ಫೋರ್ಟ್ರಾನ್, ರಸ್ಟ್ ಭಾಷೆಗಳಲ್ಲಿ ಬರೆದ ಭಾಗಗಳನ್ನು ಹೊಂದಿದ್ದು, ಮೊದಲೇ ಕಂಪೈಲ್ ಮಾಡಿದ 'ವೀಲ್' ಫೈಲುಗಳಾಗಿ ಬರುತ್ತವೆ. ಒಂದೇ ಪ್ಯಾಕೇಜಿನ ಒಂದೇ ಆವೃತ್ತಿಗೆ ವಿಂಡೋಸಿಗೊಂದು, ಇಂಟೆಲ್ ಮ್ಯಾಕಿಗೊಂದು, 2020ರ ನವೆಂಬರಿನಲ್ಲಿ ಬಂದ ಎಂ1 ಚಿಪ್ ವಂಶದ ಮ್ಯಾಕಿಗೊಂದು, ಲಿನಕ್ಸಿಗೆ ಎರಡು ಮೂರು ಎಂದು ಹತ್ತಾರು ವೀಲ್‌ಗಳಿರುತ್ತವೆ. ಲಿನಕ್ಸಿನಲ್ಲಂತೂ ಜಿಲಿಬ್ಸಿ ಎಂಬ ಮೂಲ ಸಿ ಲೈಬ್ರರಿಯ ಆವೃತ್ತಿ ನಿರ್ಣಾಯಕ. ಹಳೆಯ ಜಿಲಿಬ್ಸಿಯ ಮೇಲೆ ಕಟ್ಟಿದ್ದು ಹೊಸದರ ಮೇಲೆ ಓಡುತ್ತದೆ, ಹೊಸದರ ಮೇಲೆ ಕಟ್ಟಿದ್ದು ಹಳೆಯದರ ಮೇಲೆ ಓಡುವುದಿಲ್ಲ. ಬಹುಕಾಲ ಪ್ರಚಲಿತವಾಗಿದ್ದ ವೀಲ್ ಮಾದರಿಗೆ ಜಿಲಿಬ್ಸಿ 2.17 ಸಾಕಿತ್ತು, ಈಗ ಹಲವು ಪ್ಯಾಕೇಜ್‌ಗಳು 2.28 ಕೇಳುವ ಮಾದರಿಗೆ ಸರಿದಿವೆ. ಉಬುಂಟು 18.04ರಲ್ಲಿರುವುದು 2.27. ದಶಮಾಂಶದ ಕೊನೆಯ ಒಂದು ಅಂಕಿಯ ವ್ಯತ್ಯಾಸಕ್ಕಾಗಿ ಲಾಕ್ ಫೈಲಿನಲ್ಲಿರುವ ಆವೃತ್ತಿಗೆ ಸಿದ್ಧ ವೀಲ್ ಸಿಗದೆ, ಯಂತ್ರ ಮೂಲಸಂಕೇತದಿಂದ ಕಂಪೈಲ್ ಮಾಡಲು ಹೊರಡುತ್ತದೆ. ವಿಂಡೋಸಿನಲ್ಲಿ ಅದೇ ಪರಿಸ್ಥಿತಿ ಬಂದರೆ ಮೈಕ್ರೋಸಾಫ್ಟಿನ ಹಲವು ಗಿಗಾಬೈಟ್ ಗಾತ್ರದ ಕಂಪೈಲರ್ ಪರಿಕರಗಳನ್ನು ಮೊದಲು ಇಳಿಸಿಕೊಳ್ಳಬೇಕು. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡು ಪಿಜಿಯಲ್ಲಿ ಕೂತ ವಿದ್ಯಾರ್ಥಿಯ ಪಾಲಿಗೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ದಾಟಿ ಮೂರೂ ಯಂತ್ರಗಳಲ್ಲಿ ಅದೇ ಪ್ಯಾಕೇಜ್, ಅದೇ ಆವೃತ್ತಿ ಕೂತಿದೆ ಎನ್ನೋಣ. ಉತ್ತರ ಒಂದೇ ಬರುತ್ತದೆಯೇ? ನನ್ನ ದೃಷ್ಟಿಯಲ್ಲಿ ಈ ವಿಷಯದ ನಿಜವಾದ ತಿರುಳು ಇಲ್ಲಿದೆ, ಏಕೆಂದರೆ ಅನುಸ್ಥಾಪನೆ ಬಿದ್ದರೆ ಕೆಂಪು ಅಕ್ಷರದಲ್ಲಿ ಗೊತ್ತಾಗುತ್ತದೆ, ಉತ್ತರ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮ ಕೆಲಸದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಬೆಳೆಹಾನಿ ಪರಿಹಾರವೆಂದು ಮೂರು ಜಿಲ್ಲೆಗಳಿಗೆ ತಲಾ 100 ಕೋಟಿ ರೂಪಾಯಿ ಎಂದು ಭಾವಿಸಿ ಆ ಮೂರು ಸಂಖ್ಯೆಗಳನ್ನು ನಂಪೈ ಎಂಬ ಪೈಥಾನಿನ ಸಂಖ್ಯಾ ಲೈಬ್ರರಿಗೆ ಕೊಟ್ಟು ಕೂಡಿಸಿದರೆ, ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ 300 ಕೋಟಿ ಬರುತ್ತದೆ. ನಂಪೈಯ 1ನೇ ಸರಣಿಯ ಅದೇ ಆವೃತ್ತಿಯಲ್ಲಿ ವಿಂಡೋಸಿನ ಮೇಲೆ ಬರುವುದು ಋಣ 129 ಕೋಟಿ ಚಿಲ್ಲರೆ. ಕಾರಣ ಸರಳ: ಪೂರ್ಣಾಂಕದ ಗಾತ್ರವನ್ನು ನಂಪೈ ಆಗ ಸಿ ಭಾಷೆಯ 'ಲಾಂಗ್' ಎಂಬ ವಿಧದಿಂದ ಎರವಲು ಪಡೆಯುತ್ತಿತ್ತು, ಅದು 64 ಬಿಟ್ ವಿಂಡೋಸಿನಲ್ಲಿಯೂ 32 ಬಿಟ್ ಅಗಲವೇ. ಆ ಅಗಲದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647, ಅಂದರೆ ಸುಮಾರು 214 ಕೋಟಿ. ಮೊತ್ತ ಅದನ್ನು ದಾಟಿದೊಡನೆ ಎಣಿಕೆ ಸುತ್ತಿಕೊಂಡು ಋಣದ ಕಡೆಯಿಂದ ಮತ್ತೆ ಮೇಲೇರುತ್ತದೆ. 2024ರ ಜೂನಿನಲ್ಲಿ ಬಂದ ನಂಪೈ 2.0 ಇದನ್ನು ಸರಿಪಡಿಸಿತು. ಹಿಂದೆ ಸೇರು ಎಂಬ ಹೆಸರು ಎಲ್ಲ ಸಂತೆಗಳಲ್ಲೂ ಒಂದೇ ಇದ್ದು ಅಳತೆ ಮಾತ್ರ ಸೀಮೆಯಿಂದ ಸೀಮೆಗೆ ಬೇರೆ ಇರುತ್ತಿತ್ತಲ್ಲ, ಇದೂ ಹಾಗೆಯೇ. ಲಾಕ್ ಫೈಲ್ ಸೇರಿನ ಹೆಸರನ್ನು ಬೀಗ ಹಾಕಿ ಇಟ್ಟಿತ್ತು, ಅಳತೆಯನ್ನಲ್ಲ.

ಇಂಥ ವ್ಯತ್ಯಾಸ ಪ್ರಕಟಿತ ವಿಜ್ಞಾನದೊಳಕ್ಕೂ ನುಸುಳಿದೆ. ರಾಸಾಯನಿಕ ಸಂಯುಕ್ತಗಳ ರಚನೆಯನ್ನು ನಿರ್ಧರಿಸಲು ನೆರವಾಗುವ, 2014ರಲ್ಲಿ ಪ್ರಕಟವಾದ ಪೈಥಾನ್ ಸ್ಕ್ರಿಪ್ಟ್‌ಗಳನ್ನು ಹವಾಯಿ ವಿಶ್ವವಿದ್ಯಾಲಯದ ಸಂಶೋಧಕರು ಬಳಸುತ್ತಿದ್ದಾಗ, ಒಂದೇ ದತ್ತಾಂಶಕ್ಕೆ ಉತ್ತರವಾಗಿ ಮ್ಯಾಕಿನ ಮ್ಯಾವೆರಿಕ್ಸ್ ಆವೃತ್ತಿ ಮತ್ತು ವಿಂಡೋಸ್ 10ರಲ್ಲಿ 173.2, ಮ್ಯಾಕಿನ ಮೊಹಾವೆಯಲ್ಲಿ 172.7, ಉಬುಂಟು 16ರಲ್ಲಿ 172.4 ಬಂತು. 2019ರಲ್ಲಿ ಅವರು ಪ್ರಕಟಿಸಿದ ಪ್ರಕಾರ ಮೂಲ ಕಾರಣ, ಫೋಲ್ಡರಿನಲ್ಲಿರುವ ಫೈಲುಗಳನ್ನು ಕೊಡು ಎಂದಾಗ ಯಾವ ಕ್ರಮದಲ್ಲಿ ಕೊಡಬೇಕೆಂಬುದು ಪ್ರತಿ ಆಪರೇಟಿಂಗ್ ಸಿಸ್ಟಮಿನ ಇಷ್ಟಕ್ಕೆ ಬಿಟ್ಟದ್ದು ಎಂಬ ಅಂಶ. ಹೆಸರಿನ ಪ್ರಕಾರ ವಿಂಗಡಿಸು ಎಂಬ ಒಂದು ಮಾತು ಸೇರಿಸಿದ್ದರೆ ಸಾಕಿತ್ತು. ಯಾವ ಪ್ಯಾಕೇಜ್ ಮ್ಯಾನೇಜರೂ ಹಿಡಿಯಲಾಗದ ದೋಷ ಇದು.

ಕನ್ನಡದಲ್ಲಿ ದತ್ತಾಂಶ ಇಟ್ಟುಕೊಳ್ಳುವವರಿಗೆ ಇನ್ನೂ ಹತ್ತಿರದ ತೊಂದರೆಯೊಂದಿದೆ. ಪೈಥಾನಿನಲ್ಲಿ ಎನ್‌ಕೋಡಿಂಗ್ (ಯಾವ ಬೈಟ್ ಯಾವ ಅಕ್ಷರ ಎಂಬ ಸಂಕೇತಪದ್ಧತಿ) ಹೇಳದೆ ಫೈಲ್ ತೆರೆದರೆ, ಲಿನಕ್ಸ್ ಮತ್ತು ಮ್ಯಾಕ್‌ಗಳು ಯುಟಿಎಫ್-8 ಎಂದು ಓದುತ್ತವೆ. ಭಾರತದ ಇಂಗ್ಲಿಷ್ ಸೆಟ್ಟಿಂಗಿನಲ್ಲಿರುವ ವಿಂಡೋಸ್, ಪಶ್ಚಿಮ ಯುರೋಪಿನ ಲಿಪಿಗಳಿಗೆ ರೂಪಿಸಿದ 1252 ಎಂಬ ಹಳೆಯ ಸಂಕೇತಪಟ್ಟಿಯಲ್ಲಿ ಓದುತ್ತದೆ. ಆ ಪಟ್ಟಿಯಲ್ಲಿ ಐದು ಬೈಟ್‌ಗಳಿಗೆ ಅರ್ಥವೇ ಇಲ್ಲ. ಯುಟಿಎಫ್-8ರಲ್ಲಿ ಕನ್ನಡದ ಹಲಂತ (್) ಮತ್ತು ಉಕಾರದ (ು) ಚಿಹ್ನೆಗಳ ಕೊನೆಯ ಬೈಟ್‌ಗಳು ಆ ಐದರೊಳಗೇ ಬೀಳುತ್ತವೆ. ಪರಿಣಾಮವಾಗಿ ಹಾಸನ, ಕೋಲಾರ ಎಂಬ ಹೆಸರುಗಳು ಯಾವ ದೂರೂ ಇಲ್ಲದೆ ಅರ್ಥಹೀನ ಲ್ಯಾಟಿನ್ ಗುರುತುಗಳಾಗಿ ಒಳಗೆ ಬರುತ್ತವೆ. ತುಮಕೂರು ಬಂದಾಗ ಪ್ರೋಗ್ರಾಮ್ ದೋಷ ತೋರಿಸಿ ನಿಲ್ಲುತ್ತದೆ. ನಿಲ್ಲುವುದೇ ವಾಸಿ. ಹಾಸನದ ಹತ್ತು ಸಾಲುಗಳನ್ನಷ್ಟೇ ಇಟ್ಟುಕೊಂಡು ಪರೀಕ್ಷೆ ಬರೆದವರಿಗೆ ಎಲ್ಲವೂ ಸರಿಯಾಗಿದೆ ಎಂಬ ಭ್ರಮೆ ಉಳಿದುಬಿಡುತ್ತದೆ. ಎಲ್ಲೆಡೆಯೂ ಯುಟಿಎಫ್-8 ಅನ್ನೇ ಪೂರ್ವನಿಯೋಜಿತವಾಗಿಸುವ ಬದಲಾವಣೆಯನ್ನು ಪೈಥಾನ್ ತನ್ನ 3.15ನೇ ಆವೃತ್ತಿಗೆ ನಿಗದಿಪಡಿಸಿದೆ. ಹಳೆಯ ಆವೃತ್ತಿಗಳಲ್ಲಿ ಪ್ರತಿ ಸಲವೂ ಎನ್‌ಕೋಡಿಂಗ್ ಹೇಳುವುದೇ ಖಚಿತವಾದ ದಾರಿ.

ಫೈಲಿನ ಹೆಸರೇ ಕನ್ನಡದಲ್ಲಿದ್ದರೆ ತೊಡಕು ಮತ್ತೊಂದು ಬಗೆಯದು. ಯುನಿಕೋಡಿನಲ್ಲಿ 'ಕೋ' ಎಂಬುದರ ಓಕಾರವನ್ನು ಒಂದೇ ಚಿಹ್ನೆಯಾಗಿಯೂ, ಎತ್ವ (ೆ), ಊಕಾರದ ಚಿಹ್ನೆ (ೂ), ದೀರ್ಘ (ೕ) ಎಂದು ಬಿಡಿಸಿದ ಮೂರು ಚಿಹ್ನೆಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಮ್ಯಾಕಿನ ಹಳೆಯ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲಿ ಇಡುತ್ತಿತ್ತು. ಈಗಿನದು ಕೊಟ್ಟ ರೂಪವನ್ನೇ ಇಟ್ಟುಕೊಂಡರೂ ಹುಡುಕುವಾಗ ಎರಡನ್ನೂ ಒಂದೇ ಎಂದು ಪರಿಗಣಿಸುತ್ತದೆ. ಲಿನಕ್ಸಿಗೆ ಅವು ಎರಡು ಬೇರೆ ಬೇರೆ ಹೆಸರುಗಳು. ಹಾಗಾಗಿ ಮ್ಯಾಕಿನಲ್ಲಿ ಸಲೀಸಾಗಿ ತೆರೆದುಕೊಳ್ಳುವ ಕೋಲಾರದ ಕಡತ, ಸರ್ವರಿನಲ್ಲಿ ಕಣ್ಣೆದುರಿಗೇ ಇದ್ದರೂ ಇಲ್ಲ ಎನ್ನಿಸಿಕೊಳ್ಳುತ್ತದೆ.

ಇದಕ್ಕೆಲ್ಲ ಒಂದೇ ಮದ್ದು ಎಂಬಂತೆ ಬೆಂಗಳೂರಿನ ಕಚೇರಿಗಳಲ್ಲಿ ಕೇಳಿಬರುವ ಹೆಸರು ಡಾಕರ್. 2013ರ ಮಾರ್ಚಿನಲ್ಲಿ ಜಗತ್ತಿಗೆ ಪರಿಚಯವಾದ ಈ ಕಂಟೇನರ್ ವ್ಯವಸ್ಥೆ, ಪ್ರೋಗ್ರಾಮನ್ನು ಅದರ ಕೆಳಗಿನ ಲೈಬ್ರರಿಗಳ ಸಮೇತ ಒಂದೇ ಇಮೇಜ್ ಆಗಿ ಕಟ್ಟಿಕೊಡುತ್ತದೆ. ಸರ್ವರಿಗೆ ಹೋಗುವ ತಂತ್ರಾಂಶಕ್ಕೆ ಇದು ಸರಿಯಾದ ಪರಿಹಾರ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಲಿನಕ್ಸ್ ಕಂಟೇನರಿಗೆ ಲಿನಕ್ಸಿನ ಕರ್ನಲ್, ಅಂದರೆ ಆ ಸಿಸ್ಟಮಿನ ತಿರುಳು, ಬೇಕು; ಮ್ಯಾಕ್ ಮತ್ತು ವಿಂಡೋಸ್‌ಗಳಲ್ಲಿ ಡಾಕರ್ ಒಳಗೊಳಗೇ ಒಂದು ಲಿನಕ್ಸ್ ವರ್ಚುವಲ್ ಯಂತ್ರವನ್ನು ಓಡಿಸಿ ಅದರೊಳಗೆ ಕಂಟೇನರನ್ನು ಇಡುತ್ತದೆ. ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್‌ಗಳ ನಡುವೆ ಒಂದೇ ಪರಿಸರವನ್ನು ಸಾಧಿಸಿದ್ದಲ್ಲ ಇದು, ಲಿನಕ್ಸನ್ನು ಬಿಟ್ಟು ಉಳಿದವನ್ನು ಲೆಕ್ಕದಿಂದ ತೆಗೆದುಹಾಕಿದ್ದು. ವಿಂಡೋಸಿನಲ್ಲಿ ನೇರವಾಗಿ ಓಡಬೇಕಾದ ಪ್ರೋಗ್ರಾಮಿಗೆ ಇದರಿಂದ ಉಪಯೋಗವಿಲ್ಲ. ಮೇಲಾಗಿ ಡಾಕರ್‌ಫೈಲ್ ಎಂಬುದು ಮರುಸೃಷ್ಟಿಯ ಖಾತರಿಯಲ್ಲ. ಅದರಲ್ಲಿ ಸಾಮಾನ್ಯವಾಗಿ ಬರೆಯುವ ಪ್ಯಾಕೇಜ್ ಪಟ್ಟಿ ನವೀಕರಿಸುವ ಆದೇಶ, ಕಟ್ಟಿದ ದಿನ ಭಂಡಾರದಲ್ಲಿ ಏನಿತ್ತೋ ಅದನ್ನು ತರುತ್ತದೆ; 'ಲೇಟೆಸ್ಟ್' ಎಂಬ ಹಣೆಪಟ್ಟಿಯ ಇಮೇಜ್ ಇಂದು ಒಂದು, ನಾಳೆ ಇನ್ನೊಂದು. ಇಮೇಜನ್ನು ಹಣೆಪಟ್ಟಿಯಿಂದಲ್ಲ, ಅದರ ಹ್ಯಾಶ್‌ನಿಂದ ಗುರುತಿಸಿದಾಗ ಮಾತ್ರ ಅದು ಸ್ಥಿರ. ಆಗಲೂ ಹೊಸ ಮ್ಯಾಕಿನ ಆರ್ಮ್ ಚಿಪ್ಪಿಗೂ ಸರ್ವರಿನ ಇಂಟೆಲ್ ಚಿಪ್ಪಿಗೂ ಇಮೇಜ್ ಬೇರೆಯೇ.

ನಿಕ್ಸ್ ಇದಕ್ಕಿಂತ ಆಳಕ್ಕೆ ಹೋಗುತ್ತದೆ. ನೆದರ್ಲೆಂಡ್ಸಿನ ಯೂಟ್ರೆಕ್ಟ್‌ನಲ್ಲಿ 2003ರ ಸುಮಾರಿಗೆ ಶುರುವಾಗಿ, 2006ರಲ್ಲಿ ಎಲ್ಕೊ ಡೋಲ್‌ಸ್ಟ್ರಾ ಅವರ ಪಿಎಚ್‌ಡಿ ಪ್ರಬಂಧವಾಗಿ ರೂಪುಗೊಂಡ ಈ ವ್ಯವಸ್ಥೆಯಲ್ಲಿ, ಪ್ರತಿ ಪ್ಯಾಕೇಜೂ ಅದನ್ನು ಕಟ್ಟಲು ಬಳಸಿದ ಮೂಲಸಂಕೇತ, ಕಂಪೈಲರ್, ಲೈಬ್ರರಿ, ಆಯ್ಕೆಗಳು ಎಲ್ಲದರಿಂದ ಲೆಕ್ಕಹಾಕಿದ ಹ್ಯಾಶ್ ಇರುವ ಪ್ರತ್ಯೇಕ ಜಾಗದಲ್ಲಿ ಕೂರುತ್ತದೆ. ಸಿ ಲೈಬ್ರರಿಯವರೆಗೂ ಎಲ್ಲವೂ ದಾಖಲಾಗುತ್ತದೆ. ಇದೇ ವಿಚಾರದ ಮೇಲೆ 2012ರಲ್ಲಿ ಗ್ನೂ ಗೀಕ್ಸ್ ಹುಟ್ಟಿತು. ಇಷ್ಟಾದರೂ ನಿಕ್ಸ್ ಕೊಡುವ ಭರವಸೆಯನ್ನು ಗಮನವಿಟ್ಟು ಓದಬೇಕು: ಒಂದೇ ಲಾಕ್ ಫೈಲಿನಿಂದ ಲಿನಕ್ಸಿನಲ್ಲಿ ಕಟ್ಟಿದ್ದಕ್ಕೂ ಮ್ಯಾಕಿನಲ್ಲಿ ಕಟ್ಟಿದ್ದಕ್ಕೂ ಹ್ಯಾಶ್ ಬೇರೆ ಬೇರೆ. ಅದು ಮಾತು ಕೊಡುವುದು ಲಿನಕ್ಸಿನಿಂದ ಲಿನಕ್ಸಿಗೆ, ಮ್ಯಾಕಿನಿಂದ ಮ್ಯಾಕಿಗೆ. ವಿಂಡೋಸಿನಲ್ಲಿ ಅದು ನೇರವಾಗಿ ಓಡುವುದಿಲ್ಲ, ಡಬ್ಲ್ಯುಎಸ್ಎಲ್ ಎಂಬ ವಿಂಡೋಸಿನ ಸೌಲಭ್ಯದ ಮೂಲಕ ಲಿನಕ್ಸನ್ನು ಒಳಗಿಟ್ಟುಕೊಂಡೇ ಓಡಬೇಕು. ಅತ್ಯಂತ ಕಟ್ಟುನಿಟ್ಟಾದ ಪರಿಕರವೇ ಈ ಗಡಿಯನ್ನು ಒಪ್ಪಿಕೊಂಡಿರುವಾಗ, ಮೂರು ಸಿಸ್ಟಮ್‌ಗಳಲ್ಲಿ ಬಿಟ್ ಬಿಟ್ಟೂ ಒಂದೇ ಎಂಬ ಗುರಿ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಕೊನೆಯ ದಶಮಾಂಶ ಸ್ಥಾನಗಳಂತೂ ಯಂತ್ರದ ಗಣಿತ ಲೈಬ್ರರಿಯ ಮೇಲೆ ನಿಂತಿವೆ: ನಂಪೈಯ ಸಾಮಾನ್ಯ ವೀಲ್‌ಗಳಲ್ಲಿ ಓಪನ್‌ಬ್ಲಾಸ್ ಇರುತ್ತದೆ, 2.0ರಿಂದ ಹೊಸ ಮ್ಯಾಕ್‌ಗಳ ವೀಲ್‌ನಲ್ಲಿ ಆಪಲ್‌ನದೇ ಲೈಬ್ರರಿ ಬಳಕೆಯಾಗುತ್ತದೆ, ಎರಡೂ ಕೂಡಿಸುವ ಕ್ರಮ ಬೇರೆಯಾದ್ದರಿಂದ ದುಂಡಾಗಿಸುವಿಕೆಯೂ ಬೇರೆ.

ಹಾಗಾದರೆ ಯಾರು ಎಷ್ಟು ಆಳಕ್ಕೆ ಬೀಗ ಹಾಕಬೇಕು? ದತ್ತಾಂಶ ವಿಶ್ಲೇಷಣೆ ಮಾಡುವ ಸಣ್ಣ ತಂಡಕ್ಕೆ ನಿಕ್ಸ್ ಕಲಿಯಲು ತಿಂಗಳುಗಟ್ಟಲೆ ಕೂರುವ ಅಗತ್ಯ ನನಗೆ ಕಾಣುವುದಿಲ್ಲ. ವೇದಿಕೆಗಳನ್ನು ಮೊದಲೇ ಘೋಷಿಸಿ ಒಟ್ಟಾಗಿ ಬಿಡಿಸಿದ ಲಾಕ್ ಫೈಲ್, ಮತ್ತು ಪ್ರತಿ ಬದಲಾವಣೆಯನ್ನೂ ಮೂರೂ ಸಿಸ್ಟಮ್‌ಗಳಲ್ಲಿ ಓಡಿಸಿ ನೋಡುವ ಸ್ವಯಂಚಾಲಿತ ಪರೀಕ್ಷೆ ಸಾಕು. ಇವೆರಡರಲ್ಲಿ ಪರೀಕ್ಷೆಯೇ ಮುಖ್ಯ, ಜನ ಬಿಟ್ಟುಬಿಡುವುದೂ ಅದನ್ನೇ, ಏಕೆಂದರೆ ಮ್ಯಾಕ್ ಯಂತ್ರದ ಬಾಡಿಗೆ ಲಿನಕ್ಸಿನದಕ್ಕಿಂತ ದುಬಾರಿ. ಸಂಶೋಧನೆಯ ಲೆಕ್ಕ ಬೇರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ, 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗದಂಥ ಸೂಪರ್‌ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಬಳಕೆದಾರರಿಗೆ ರೂಟ್ ಅಧಿಕಾರ, ಅಂದರೆ ಯಂತ್ರದ ಪೂರ್ಣ ಆಡಳಿತದ ಹಕ್ಕು, ಇರುವುದಿಲ್ಲ, ಆದ್ದರಿಂದ ಡಾಕರ್ ಬದಲು ಆ ಹಕ್ಕಿಲ್ಲದೆಯೂ ಓಡುವ ಆ್ಯಪ್ಟೈನರ್‌ನಂಥ ಕಂಟೇನರ್‌ಗಳು ಬಳಕೆಯಲ್ಲಿವೆ. ಐದು ವರ್ಷದ ನಂತರವೂ ಪ್ರಶ್ನೆಗೆ ಉತ್ತರಿಸಬೇಕಾದ ಪ್ರಬಂಧಕ್ಕೆ ಇಮೇಜನ್ನೇ ಫೈಲಾಗಿ ಕಾಪಿಡುವುದು, ಜೊತೆಗೆ ಉತ್ತರದಲ್ಲಿ ಎಷ್ಟನೆಯ ದಶಮಾಂಶದವರೆಗೆ ನಂಬಬಹುದು ಎಂದು ಬರೆದಿಡುವುದು ಯೋಗ್ಯ.

ನಮ್ಮ ಗುಂಪು ಕೊನೆಗೆ ಯುವಿಗೆ ಸರಿಯಿತು, ನಂಪೈಯನ್ನು 2.0ರ ಮೇಲಕ್ಕೆ ಒಯ್ದಿತು, ಫೈಲುಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಿಗೆ ಬದಲಿಸಿತು. ಈ ಮೂರನೆಯದನ್ನು ನಾನು ಮನಸ್ಸಿಲ್ಲದೆ ಒಪ್ಪಿದೆ. ಪರೀಕ್ಷೆಯ ದತ್ತಾಂಶದಲ್ಲಿ ಹಾಸನದ ಜೊತೆ ತುಮಕೂರೂ ಇರಲೇಬೇಕು ಎಂಬ ನಿಯಮವೂ ಸೇರಿತು. ಬಗೆಹರಿಯದೆ ಉಳಿದದ್ದು ಒಬ್ಬ ಸದಸ್ಯ ಪಾಠ ಹೇಳುವ ಕಾಲೇಜಿನ ಲ್ಯಾಬ್. ಅಲ್ಲಿನ ಯಂತ್ರಗಳಲ್ಲಿ ಇನ್ನೂ ವಿಂಡೋಸ್ 7 ಇದೆ, ಅದರ ಮೇಲೆ ಓಡುವ ಕೊನೆಯ ಪೈಥಾನ್ 3.8, ಆ ಆವೃತ್ತಿಗೆ ಬೆಂಬಲ 2024ರ ಅಕ್ಟೋಬರಿಗೆ ಮುಗಿದಿದೆ, ನಂಪೈ 2.0 ಅದರ ಮೇಲೆ ಓಡುವುದೇ ಇಲ್ಲ. ಆ ಲ್ಯಾಬನ್ನು ಲಾಕ್ ಫೈಲಿಗೆ ಸೇರಿಸುವ ಯತ್ನ ಕೈಬಿಟ್ಟು, ನೋಟ್‌ಬುಕ್ಕನ್ನು ಒಂದು ಲಿನಕ್ಸ್ ಸರ್ವರಿನಲ್ಲಿ ಓಡಿಸಿ ಅಲ್ಲಿನ ವಿದ್ಯಾರ್ಥಿಗಳಿಗೆ ಬ್ರೌಸರಿನಲ್ಲಿ ತೆರೆಯಲು ಕೊಂಡಿ ಕೊಟ್ಟಿದ್ದೇವೆ. ಹಳೆಯ ಬ್ರೌಸರಿನಲ್ಲಿ ನಕ್ಷೆಗಳು ಮೂಡುತ್ತಿಲ್ಲ ಎಂದು ಕಳೆದ ವಾರ ದೂರು ಬಂದಿದೆ.